ಮಳಗಿಗೆ ಹೋದ ಗುಳಿಗೆ

ಹೆಂಡತಿಯ ಶವಪೆಟ್ಟಿಗೆ ಎತ್ತಲು ನಾಲ್ವರು ಬಗ್ಗಿದಾಗ ಬಸ್ತ್ಯಾಂವ ಬಾಗಿಲಿಗೆ ಅಡ್ಡ ನಿಂತ.

"ತಡೀರಿ. ಮಳಗಿ ಊರಿಂದ ಶಾಂತಿಬಾಯಿ ಬರಾಕತ್ತಾಳ."

"ಆಕಿ ಸಲುವಾಗಿ ಕಾಯೂದೇನು ಭಾವಾ?" ಸತ್ತ ಕ್ರಿಸ್ತಿನಾಳ ತಂಗಿ ಜ್ಯೂಲಿ ಗೋಡೆಯ ಬಳಿಯಿಂದ ಎದ್ದಳು. "ನಮ್ಮಕ್ಕನ ಗುಳಿಗಿ ತಿಂದು ಬದುಕಿದಾಕಿ. ಬರ್ಲಿ, ಎಲ್ಲಾರ ಮುಂದ ಹೇಳ್ತೇನಿ."

"ಹೇಳಿದ್ರ ಆಕಿ ಇನ್ನ ಗುಳಿಗಿ ಮುಟ್ಟಂಗಿಲ್ಲ, ಸಾಯ್ತಾಳ. ಅದಕ್ಕ ಹೇಳಬ್ಯಾಡ ಅಂತ ಸಾಯೂ ಮುಂದ ನಿಮ್ಮಕ್ಕ ನನ್ನ ಕಡೆ ಆಣಿ ತಗೊಂಡಾಳ."

"ಆಣಿ ನಿಮ್ಮದು. ನಂದಲ್ಲ."

* * *

ಕ್ರಿಸ್ತಿನಾಗೂ ಶಾಂತಿಬಾಯಿಗೂ ಒಂದೇ ರೋಗ. ಮೂತ್ರಪಿಂಡದ ಮೇಲಿನ ಗ್ರಂಥಿ ಕೆಟ್ಟಿತ್ತು; ಅದು ಕೊಡಬೇಕಾದ ಹಾರ್ಮೋನನ್ನು ದಿನವೂ ಗುಳಿಗೆಯಲ್ಲಿ ನುಂಗಬೇಕು, ಬದುಕಿರುವವರೆಗೆ. ಕ್ರಿಸ್ತಿನಾ ಇದ್ದ ಹಳಿಯಾಳದ ಅಂಗಡಿಗಳಲ್ಲಿ ಅದು ಸಿಗದು. ಧಾರವಾಡದ ಒಂದು ಸೇವಾಸಂಸ್ಥೆ ಪುಕ್ಕಟೆ ಕಳಿಸುತ್ತಿತ್ತು. ಅದರ ಶಿಬಿರದಲ್ಲೇ ಇಬ್ಬರಿಗೂ ಪರಿಚಯ. ಈ ರೋಗಕ್ಕೆ ಉಪ್ಪಿನ ಹಪಾಹಪಿ. ಒಬ್ಬಳ ಸೆರಗಿನ ಗಂಟಿನಿಂದ ಇನ್ನೊಬ್ಬಳು ಹರಳುಪ್ಪು ತೆಗೆದು ಚೀಪಿದ್ದಳು.

ಮೈ ಕಪ್ಪಾಗುವುದು ರೋಗದ ಒಂದು ಗುರುತು. ಶಾಂತಿಬಾಯಿಯದು ಬೆಳ್ಳನೆಯ ಮೈ; ಅವಳ ಲಂಬಾಣಿ ತಾಂಡಾದ ಜನ ಬೇಗ ಗಮನಿಸಿದರು. ಸಿದ್ದಿ ಹೆಂಗಸು ಕ್ರಿಸ್ತಿನಾಳಿಗೆ ಡಾಕ್ಟರರು ವರ್ಷಗಟ್ಟಲೆ ರಕ್ತ ಕಡಿಮೆ ಎಂದು ಟಾನಿಕ್ ಬರೆದರು.

"ನೀ ಕಪ್ಪಾದ್ರ ಊರಿಗೆಲ್ಲಾ ಸುದ್ದಿ," ಎಂದು ಕ್ರಿಸ್ತಿನಾ ಗೆಳತಿಯೆದುರು ನಗುತ್ತಿದ್ದಳು. "ನಾ ಕಪ್ಪಾದ್ರ ಯಾವ ಡಾಕ್ಟರಿಗೆ ತಿಳೀತೈತಿ, ಯವ್ವಾ?"

ಹೋದ ತಿಂಗಳು ಶಾಂತಿಬಾಯಿಯ ಪಾರ್ಸಲ್ ತಡವಾಯಿತು. "ನನ್ನ ಕಡೆ ಜಾಸ್ತಿ ಅದಾವು" ಎಂದು ಫೋನಿನಲ್ಲಿ ಹೇಳಿದ ಕ್ರಿಸ್ತಿನಾ, ಇದ್ದ ಎರಡು ಸ್ಟ್ರಿಪ್‌ಗಳಲ್ಲಿ ಒಂದನ್ನು ಮಳಗಿಗೆ ತಲುಪಿಸಲು ಮುಂಡಗೋಡ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು. ತನ್ನ ಮುಂದಿನ ಪಾರ್ಸಲ್ ಬರುವವರೆಗೆಂದು ತಾನು ಅರ್ಧರ್ಧ ನುಂಗಿದಳು. ಅಷ್ಟರಲ್ಲಿ ಜ್ವರ ಬಂತು. ಜ್ವರವಾಗಲಿ, ಮನಸ್ಸಿಗೆ ಆಘಾತವಾಗಲಿ, ಆ ದಿನ ಗುಳಿಗೆ ಎರಡರಷ್ಟು ಬೇಕು; ಉಳಿದಿರಲಿಲ್ಲ. ವಾಂತಿ ನಿಲ್ಲಲಿಲ್ಲ. ದವಾಖಾನೆಯ ದಾರಿಯಲ್ಲಿ, ಟಂಟಂ ರಿಕ್ಷಾದೊಳಗೆ, ಗಂಡನ ತೊಡೆಯ ಮೇಲೆ ತಣ್ಣಗಾದಳು.

* * *

ಬಿಸಿಲೇರಿದ ಮೇಲೆ ಶಾಂತಿಬಾಯಿ ಬಂದಳು. ಪೆಟ್ಟಿಗೆಗೆ ಹಣೆ ಹಚ್ಚಿ ಅತ್ತು, ಬಸ್ತ್ಯಾಂವನ ಮುಂದೆ ಅಂಗೈ ಬಿಚ್ಚಿದಳು. ಒಂದೂ ಗುಳಿಗೆ ತೆಗೆಯದ ಸ್ಟ್ರಿಪ್.

"ಮರುದಿನಾನ ನನ್ನ ಪಾರ್ಸಲ್ ಬಂತು, ಅಣ್ಣಾ. ಜಾಸ್ತಿ ಅದಾವು ಅಂದಿದ್ಲಲ್ಲ, ಮುಂದಿನ ಶಿಬಿರದಾಗ ಕೊಟ್ರಾತು ಅಂತ ಇಟಗೊಂಡಿದ್ದೆ. ಆಕಿಗೇನು ಕಡಿಮಿ ಬೀಳಲಿಲ್ಲಲ್ಲ?"

ಬಸ್ತ್ಯಾಂವ ಜ್ಯೂಲಿಯತ್ತ ನೋಡಲಿಲ್ಲ.

"ಇಲ್ಲ ತಂಗಿ. ಜ್ವರಾ ಜೋರಿತ್ತು. ಇದನ್ನ ನೀನ ಇಟಗೋ."

ಸ್ಮಶಾನದಲ್ಲಿ ಎಲ್ಲರೂ ಗುಂಡಿಗೆ ಹಿಡಿಮಣ್ಣು ಹಾಕಿದರು. ಶಾಂತಿಬಾಯಿ ಮಣ್ಣು ಹಿಡಿದೇ ತೂರಾಡಿದಳು. ಹಣೆಯಲ್ಲಿ ತಣ್ಣನೆಯ ಬೆವರು. ಜ್ಯೂಲಿ ಜನರನ್ನು ಸರಿಸಿಕೊಂಡು ಅವಳತ್ತ ನಡೆದಳು. ತಡೆಯಲು ಬಸ್ತ್ಯಾಂವ ಕೈ ಚಾಚಿದ, ಎಟುಕಲಿಲ್ಲ.

"ಮುಂಜಾನಿ ಗುಳಿಗಿ ಎಷ್ಟು ತಗೊಂಡಿ?"

"ದಿನಾ ತಗೊಳ್ಳೂವಷ್ಟ..."

"ಇಂಥಾ ದಿನ ಜಾಸ್ತಿ ತಗೋರಿ ಅಂತ ಹೇಳಿಲ್ಲೇನು ನಿಮಗ ಶಿಬಿರದಾಗ?" ದನಿ ಕಪಾಳಕ್ಕೆ ಹೊಡೆದಂತಿತ್ತು. ಅವಳ ಇನ್ನೊಂದು ಕೈಯಲ್ಲಿದ್ದ ಆ ಸ್ಟ್ರಿಪ್ ಕಸಿದು, ಹಲ್ಲಿನಿಂದ ಹರಿದು, ಗುಳಿಗೆಯನ್ನು ಅವಳ ಬಾಯಿಗೆ ಒತ್ತಿದಳು. "ನುಂಗು."

ನೀರಿರಲಿಲ್ಲ. ಗುಳಿಗೆ ಗಂಟಲಿಳಿಯುವವರೆಗೂ ಜ್ಯೂಲಿ ಅವಳ ಗದ್ದ ಬಿಡಲಿಲ್ಲ. ಶಾಂತಿಬಾಯಿಯ ಮುಷ್ಟಿಯ ಮಣ್ಣು ಬೆರಳಸಂದಿಯಿಂದ ಜಾರಿ, ಜ್ಯೂಲಿಯ ಬರಿಗಾಲ ಮೇಲೆ ಸುರಿಯುತ್ತಲೇ ಇತ್ತು.