ಮಗ್ಗದ ಮೂಲೆಯ ಕೋಳಿ

ಸೆರಗಿನಲ್ಲಿ ಕೋಳಿಮರಿಗಳನ್ನು ಕಟ್ಟಿಕೊಂಡು, ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ಲಕ್ಷ್ಮವ್ವನ ಬಾಗಿಲವರೆಗೆ ಬಂದ ಶೇವಂತಿ ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಎರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆದರೆ ತನ್ನ ಮಗಳು ನೇತ್ರಾ ತೊಟ್ಟಿಲಲ್ಲಿದ್ದಾಗ ನಿಂತ ಮಾತು, ಅವಳು ಶಾಲೆಗೆ ಹೋಗುವಂತಾದರೂ ಮತ್ತೆ ಶುರುವಾಗಿರಲಿಲ್ಲ.

ಆಗ ಶೇವಂತಿ ಕೇಳಿದ್ದು ದೊಡ್ಡದೇನಲ್ಲ. "ಅಕ್ಕಾ, ಕೂಸು ಬೆಚ್ಚಿ ಬೀಳಾಕತ್ತೈತ್ರಿ. ಒಂದ ತಾಸು ಮಗ್ಗಾ ಬಂದ್ ಮಾಡ್ರಿ" ಎಂದಿದ್ದಳು. ನೇಕಾರರ ಊರಾದ ಬನಹಟ್ಟಿಯ ಕೂಸಿಗೆ ಮಗ್ಗದ ಸಪ್ಪಳವೇ ಜೋಗುಳ ಎನ್ನುವವಳು ಲಕ್ಷ್ಮವ್ವ. "ಮಗ್ಗಾ ನಿಂತ್ರ ನಮ್ಮ ಒಲಿ ನಿಮ್ಮಪ್ಪ ಬಂದು ಹಚ್ಚತಾನೇನ?" ಎಂದುಬಿಟ್ಟಳು. ಅಪ್ಪನ ಸುದ್ದಿಗೆ ಬಂದರೆ ಶೇವಂತಿಯೂ ಸುಮ್ಮನಿರುವ ಪೈಕಿಯಲ್ಲ. ಇಬ್ಬರೂ ಆಡಬಾರದ್ದನ್ನೆಲ್ಲ ಆಡಿ ಮುಗಿಸಿದ ಮೇಲೆ ಆಡಲು ಏನೂ ಉಳಿಯಲಿಲ್ಲ.

ಇವತ್ತು ಬೆಳಿಗ್ಗೆ ನಾಯಿ ಬಂದು ಶೇವಂತಿಯ ಕೋಳಿಯನ್ನು ಕಚ್ಚಿಕೊಂಡು ಹೋಗಿತ್ತು. ಅದರ ಮರಿಗಳು ಮೊನ್ನೆ ತಾನೆ ಮೊಟ್ಟೆಯೊಡೆದು ಹೊರಬಂದಿದ್ದವು. ಹಳೇ ಅರಿವೆ ಹಾಸಿ, ಬಲ್ಬು ಹಚ್ಚಿಟ್ಟರೂ ಎರಡು ಮರಿ ಕಣ್ಣು ಮುಚ್ಚಿದವು. "ದೊಡ್ಡವ್ವನ ಕೋಳಿ ಕಾವಿಗೆ ಕುಂತೈತಿ. ಅದರ ತೆಳಗ ಇಡು ಅವ್ವಾ" ಎಂದು ನೇತ್ರಾ ಅಳುತ್ತಲೇ ಶಾಲೆಗೆ ಹೋಗಿದ್ದಳು. ಅವಳು ಬರುವುದರೊಳಗೆ ಉಳಿದವೂ ಹೋದರೆ ಮಗಳಿಗೆ ಏನೆಂದು ಹೇಳುವುದು?

ಒಳಗೆ ಎರಡು ಪವರ್‌ಲೂಮ್ ಧಡಕ್ ಧಡಕ್ ಎಂದು ಓಡುತ್ತಿದ್ದವು. ಲಕ್ಷ್ಮವ್ವ ತಲೆಯೆತ್ತಿ ಶೇವಂತಿಯ ಮುಖ ನೋಡಿದಳು, ಅಲುಗಾಡುವ ಸೆರಗು ನೋಡಿದಳು. ಗದರಲಿಲ್ಲ. ನೂಲಿನ ಚೀಲಗಳ ಹಿಂದೆ ಕೋಳಿ ಕಾವಿಗೆ ಕೂತಿದ್ದ ಬುಟ್ಟಿಯ ಕಡೆ ಕೈ ಮಾಡಿದಳು.

"ಏಳವಲ್ಲದು! ಹುಂಜ ಇಲ್ಲದ ತತ್ತಿ, ಏನ್ ಮರಿ ಆಕ್ಕಾವು?" ಎಂದು ಸಪ್ಪಳದ ಮೇಲೆ ಕೂಗಿದಳು. ಹುಂಜ ಹಬ್ಬದ ಸಾರಿಗೆ ಹೋಗಿ ಎಷ್ಟೋ ದಿನವಾಗಿತ್ತು. ಕೋಳಿಗೆ ಅದನ್ನು ತಿಳಿಸಿ ಹೇಳುವವರು ಯಾರು?

ಶೇವಂತಿ ಒಳಗೆ ಬಂದು, ಬುಟ್ಟಿಯ ಮುಂದೆ ಕೂತು, ಒಂದು ಮೊಟ್ಟೆ ತೆಗೆದು, ಆ ಜಾಗಕ್ಕೆ ಒಂದು ಮರಿಯನ್ನು ಸರಿಸಿದಳು. ಕೋಳಿ ಪುಕ್ಕ ಉಬ್ಬಿಸಿ ಮರಿಯ ತಲೆಗೆ ಕುಕ್ಕಿತು. ಇನ್ನೊಂದನ್ನು ಇಟ್ಟಳು, ಅದಕ್ಕೂ ಅದೇ ಗತಿ. ಮರಿ ತೆರೆದ ಬಾಯಿ ಮುಚ್ಚದೆ ಒದರುತ್ತಿತ್ತು. ಎದುರಿಗೇ ಕೂತ ಶೇವಂತಿಗೇ ಅದರ ದನಿ ಕೇಳುತ್ತಿರಲಿಲ್ಲ, ಇನ್ನು ಕೋಳಿಗೆ ಎಲ್ಲಿಂದ ಕೇಳಬೇಕು? ದನಿ ಕೇಳದೆ ಅದಾದರೂ ಇವನ್ನು ಮರಿಯೆಂದು ಹೇಗೆ ತಿಳಿದೀತು?

ಮಗ್ಗ ನಿಲ್ಲಬೇಕಿತ್ತು, ಅಷ್ಟೇ. ಆದರೆ ಆ ಮಾತನ್ನು ಈ ಮನೆಯಲ್ಲಿ ಎರಡನೇ ಸಲ ಆಡಲು ಅವಳಿಗೆ ಬಾಯಿ ಬರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಮರಿಗಳನ್ನು ಮತ್ತೆ ಸೆರಗಿಗೆ ಹಾಕಿಕೊಳ್ಳತೊಡಗಿದಳು.

ಲಕ್ಷ್ಮವ್ವ ಹತ್ತಿರ ಬಂದು ಬಗ್ಗಿ, ಮರಿಯ ಬಾಯಿಗೆ ಕಿವಿ ಹಿಡಿದಳು. ಆಮೇಲೆ ಎದ್ದು ಹೋಗಿ ಒಂದು ಮಗ್ಗ ನಿಲ್ಲಿಸಿದಳು, ಇನ್ನೊಂದನ್ನೂ ನಿಲ್ಲಿಸಿದಳು.

ಚಿಂವ್ ಚಿಂವ್ ಎಂಬ ದನಿ ಕೋಣೆ ತುಂಬಿತು. ಕೋಳಿ ಕತ್ತು ಓರೆ ಮಾಡಿತು. ಗಂಟಲೊಳಗೇ ಲೊಕ್, ಲೊಕ್ ಎಂದಿತು. ಮರಿಯೊಂದು ಓಡಿ ಹೋಗಿ ಅದರ ಹೊಟ್ಟೆಯ ಕೆಳಗೆ ತಲೆ ತೂರಿಸಿದರೆ, ಕೋಳಿ ರೆಕ್ಕೆ ಎತ್ತಿ ಜಾಗ ಮಾಡಿಕೊಟ್ಟಿತು.

"ನಿನ್ನ ಕೂಸು ಈಗ ಛಲೋ ಮಲಗತೈತೇನ?" ಎಂದು ಲಕ್ಷ್ಮವ್ವ ಬುಟ್ಟಿಯನ್ನೇ ನೋಡುತ್ತ ಕೇಳಿದಳು.

"ಮಲಗತೈತ್ರಿ ಅಕ್ಕಾ." ಶೇವಂತಿ ಮತ್ತೊಂದು ಮರಿಯನ್ನು ಸೆರಗಿನಿಂದ ಬಿಡಿಸಿದಳು.

ನಡುಮನೆಯಲ್ಲಿ ಊಟಕ್ಕೆ ಕೂತಿದ್ದ ಲಕ್ಷ್ಮವ್ವನ ಗಂಡ ಮಹಾಲಿಂಗಪ್ಪ ಅಲ್ಲಿಂದಲೇ ಕೂಗಿದ: "ಯಾಕ ನಿಂತೂ? ಕರೆಂಟ್ ಹೋತೇನ?"

"ಹ್ಞೂ, ಹೋತ್ರಿ" ಎಂದಳು ಲಕ್ಷ್ಮವ್ವ. "ಸಾವಕಾಶ ಊಟಾ ಮಾಡ್ರಿ."

ಶೇವಂತಿ ಕೊನೆಯ ಮರಿಯನ್ನು ಬುಟ್ಟಿಗೆ ಬಿಟ್ಟಳು. ಇಬ್ಬರ ತಲೆಯ ಮೇಲೆ, ಹತ್ತಿಯ ಧೂಳು ಮೆತ್ತಿದ ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು.