ಮಾವನ ಪಾಮ್ ಗಿಡಕ್ಕೆ ನಾನು ಮಾಡಿದ ಟಚಪ್ಪು

ಮದುವೆಯಾಗಿ ಆರು ವರ್ಷ. ಆರು ವರ್ಷವೂ ನಮ್ಮ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಊರವರ ಮೊಡವೆ ಅಳಿಸಿದ್ದೇನೆ, ಬೋಳುತಲೆಗಳ ಹೊಳಪು ಇಳಿಸಿದ್ದೇನೆ, ಮುಖ ಗಂಟು ಹಾಕಿಕೊಂಡು ಕೂತ ಚಿಕ್ಕಮ್ಮಂದಿರನ್ನು ನಗಿಸಿದ್ದೇನೆ. ಕ್ಯಾಮೆರಾ ಮಾತ್ರ ಮುಟ್ಟುವ ಹಾಗಿರಲಿಲ್ಲ. ಅದು ಮಾವನದು, ಮಾವ ಇಲ್ಲದಾಗ ನಮ್ಮವರದು. "ನಾನೂ ಒಂದು ತೆಗೀತೀನಿ ಮಾವ" ಅಂದಾಗಲೆಲ್ಲ "ಇನ್ನೂ ಕಣ್ಣು ಪಳಗಬೇಕು ತಾಯಿ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವನಿಗೆ ಮಂಡಿ ಆಪರೇಷನ್ ಆಯಿತು. ಒಂದು ತಿಂಗಳು ಮಗಳ ಮನೆಯಲ್ಲಿ, ಅಂದರೆ ನನ್ನ ನಾದಿನಿಯ ಮನೆಯಲ್ಲಿ, ಇರುವುದೆಂದು ತೀರ್ಮಾನವಾಯಿತು. ಹೊರಡುವ ದಿನ ಅವರು ನೋಡುತ್ತಾ ನಿಂತದ್ದು ಮಗನನ್ನಲ್ಲ, ಸೊಸೆಯನ್ನಲ್ಲ, ಮೂಲೆಯ ಪಾಮ್ ಗಿಡವನ್ನು. ಈ ಸ್ಟುಡಿಯೋದಲ್ಲಿ ತೆಗೆದ ಯಾವ ಕುಟುಂಬದ ಫೋಟೋ ನೋಡಿದರೂ ಬಲಗಡೆ ಅದು ಇರುತ್ತದೆ. ಈಗ ಪಾಪ, ಎಲೆಯ ತುದಿಗಳೆಲ್ಲ ಕಂದಾಗಿ, ಒಂದು ಪಕ್ಕಕ್ಕೆ ವಾಲಿತ್ತು.

"ನಾನು ಬರೋ ತನಕ ಇದನ್ನ ಉಳಿಸಿದ್ರೆ ಕ್ಯಾಮೆರಾ ನಿನ್ನ ಕೈಗೆ" ಎಂದರು. "ದಿನಾ ಒಂದು ಫೋಟೋ ಕಳಿಸು. ಫೋನಲ್ಲೇ ಸಾಕು."

ನಾನು ಅವತ್ತು ನೆಲದ ಮೇಲೆ ನಡೆಯಲೇ ಇಲ್ಲ. ಬೆಳಿಗ್ಗೆ ಒಂದು ಚೊಂಬು ನೀರು, ಮಧ್ಯಾಹ್ನ ಒಂದು, ಸಂಜೆ ಬಾಗಿಲು ಹಾಕುವ ಮುಂಚೆ ಪ್ರೀತಿಗೆ ಇನ್ನೊಂದು. ನಾಲ್ಕನೇ ದಿನಕ್ಕೆ ಎರಡು ಎಲೆ ಹಳದಿಯಾದವು. ನೀರು ಸಾಲದೇನೋ ಎಂದು ಚೊಂಬು ಬಿಟ್ಟು ಬಕೆಟ್ ಹಿಡಿದೆ.

ಇಲ್ಲಿ ನನ್ನ ಕಸುಬು ನನಗೇ ಕೈಕೊಟ್ಟಿತು. ಎಲ್ಲಿ ಕಲೆ ಕಂಡರೂ ಮುಚ್ಚುವುದು ನನ್ನ ಅಭ್ಯಾಸ. ಹಳೆಯ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುವ ಸಣ್ಣ ಬ್ರಷ್ ತಂದು, ಒಣಗಿದ ತುದಿಗಳಿಗೆಲ್ಲ ನೀಟಾಗಿ ಹಸಿರು ಹಚ್ಚಿಬಿಟ್ಟೆ. ಎಷ್ಟು ಚೆಂದ ಕಂಡಿತೆಂದರೆ ನಾನೇ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಬೆನ್ನು ತಟ್ಟಿಕೊಂಡೆ. ಮರುದಿನ ಪಾಸ್‌ಪೋರ್ಟ್ ಫೋಟೋಗೆ ಬಂದ ಬ್ಯಾಂಕ್ ಮ್ಯಾನೇಜರ್ ಅದಕ್ಕೆ ಭುಜ ತಾಗಿಸಿಕೊಂಡು, ಬಿಳಿ ಅಂಗಿಯ ಮೇಲೆ ಪಟ್ಟೆಪಟ್ಟೆ ಹಸಿರು ಹೊತ್ತುಕೊಂಡು ಎದ್ದರು. ಅಂಗಿಯನ್ನು ಕಂಪ್ಯೂಟರಿನಲ್ಲಿ ಬಿಳಿ ಮಾಡಿಕೊಟ್ಟೆ. ಅಂಗಿಯನ್ನೇ ಬಿಳಿ ಮಾಡಲು ಬರುವವಳಿಗೆ ಗಿಡವನ್ನು ಹಸಿರು ಮಾಡುವುದು ಯಾವ ಲೆಕ್ಕ?

ಅವತ್ತಿನ ಫೋಟೋದಲ್ಲಿ ಹಳದಿ ಎಲೆಗಳನ್ನು ಹಸಿರು ಮಾಡಿ ಕಳಿಸಿದೆ. ಮಾವನಿಂದ ಒಂದೇ ಪದ ಬಂತು: "ಭೇಷ್!" ಆರು ವರ್ಷದಲ್ಲಿ ಮೊದಲ ಭೇಷ್. ತಲೆಗೇರಿತು. ಮಾರನೇ ದಿನ ವಾಲಿದ್ದ ಕಾಂಡ ನೆಟ್ಟಗಾಯಿತು. ಅದರ ಮಾರನೇ ದಿನ ಒಂದು ಹೊಸ ಎಲೆ. ಮತ್ತೊಂದು ಭೇಷ್, ಮತ್ತೊಂದು ಎಲೆ.

"ಲೇ, ನಿಜವಾದ ಗಿಡದಲ್ಲಿ ಐದೇ ಎಲೆ ಉಳಿದಿದೆ. ನೀನು ಕಳಿಸಿದ್ದರಲ್ಲಿ ಹದಿನೇಳಿದೆ" ಎಂದರು ನಮ್ಮವರು.

"ನೀವು ಸುಮ್ನಿರಿ."

"ಅಪ್ಪ ಫೋನ್ ಮಾಡಿದ್ರು. ಮಂಡಿ ಡಾಕ್ಟರು ಏನು ಗೊಬ್ಬರ ಅಂತ ಕೇಳ್ತಿದ್ದಾರಂತೆ."

ಓಡಿದೆ ನರ್ಸರಿಗೆ. ನರ್ಸರಿಯಮ್ಮ ಬಂದು ಕುಂಡವನ್ನು ಓರೆ ಮಾಡಿದರು. ಗಬ್ಬು ನಾರುವ ನೀರು ಬುಳುಬುಳು ಸುರಿದು ನಮ್ಮ ಚಪ್ಪಲಿ ತೇಲಿದವು.

"ಏನಮ್ಮಾ, ಗಿಡ ಸಾಕಿದ್ದೀರೋ, ಮೀನು ಸಾಕಿದ್ದೀರೋ? ಹೊರಗಿನ ಕುಂಡಕ್ಕೆ ತೂತೇ ಇಲ್ಲ!" ಎಂದರು. ಎಲೆಗೆ ಬೆರಳು ತಾಗಿಸಿ ಹಸಿರಾದ ಬೆರಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ.

ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಬದಲಿಸಿ, ಗಿಡವನ್ನು ಪರದೆ ಹಾಕಿದ ಕಿಟಕಿಯ ಪಕ್ಕ ಇಡಿಸಿದರು. "ಬೆರಳು ಒಳಗೆ ಹಾಕಿ ನೋಡಿ. ಎರಡು ಗೆಣ್ಣು ಆಳಕ್ಕೂ ಒಣಗಿದ್ರೆ ಮಾತ್ರ ನೀರು. ಎಲೆ ಹೋದ್ರೆ ಹೋಗ್ಲಿ, ನಡುವಿನ ಸುಳಿ ನೋಡ್ಕೊಳ್ಳಿ. ಸುಳಿ ಸತ್ರೆ ಗಿಡ ಸತ್ತಂಗೆ."

ಅಲ್ಲಿಂದ ನನಗೆ ಬೇರೆ ಪ್ರಪಂಚವೇ ಇರಲಿಲ್ಲ. ಎದ್ದ ಕೂಡಲೇ ಸುಳಿ, ಊಟ ಮಾಡುತ್ತಾ ಸುಳಿ. ಇನ್ನೆರಡು ಎಲೆ ಉದುರಿದವು. ಮಾವನಿಗೆ ಕಳಿಸುವ ಗಿಡ ಮಾತ್ರ ಛಾವಣಿ ಮುಟ್ಟುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಬೆರಳುದ್ದದ ಎಳೆಹಸಿರು ಕಡ್ಡಿಯೊಂದು ನಡುವಿನಿಂದ ಮೇಲೆದ್ದಿದೆ! ನಾನು ಹಾಕಿದ ಕೂಗಿಗೆ ನಮ್ಮವರು ಅರ್ಧ ಗಡ್ಡ ಕೆರೆದುಕೊಂಡು ಓಡಿಬಂದರು. ಸೋಪಿನ ಮುಖದ ಆ ಮನುಷ್ಯನನ್ನು ಹಿಡಿದು ಗಿರಗಿರ ಕುಣಿಸಿದೆ. ಅದೇ ಅಮಲಿನಲ್ಲಿ ಫೋಟೋ ತೆಗೆದು, ಏನೂ ತಿದ್ದದೆ ಕಳಿಸಿಬಿಟ್ಟೆ. ಆಮೇಲೆ ಅದು ನೆನಪೂ ಆಗಲಿಲ್ಲ.

ಒಂದು ವಾರ ಮುಂಚೆಯೇ ಮಾವ ಹೊರಟರು. ಇನ್ನೆರಡು ಗಂಟೆಯಲ್ಲಿ ಮನೆ.

"ನರ್ಸರಿಯಲ್ಲಿ ದೊಡ್ಡದೊಂದು ಪಾಮ್ ಇದೆ. ತಂದು ಇಟ್ಟುಬಿಡೋಣ" ಎಂದರು ನಮ್ಮವರು.

ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಚಪ್ಪಲಿಯನ್ನೂ ಮೆಟ್ಟಿದೆ. ಆದರೆ ಈ ಬಡಪಾಯಿಯನ್ನು ಎತ್ತಿ ಹಿಂದಿನ ಕೋಣೆಗೆ ತಳ್ಳಬೇಕಲ್ಲ! ಸಾಯದೆ ಉಳಿದದ್ದೇ ಇದು. ಕೈ ಬರಲಿಲ್ಲ. ಕ್ಯಾಮೆರಾ ಹೋದರೆ ಹಾಳಾಗಿ ಹೋಗಲಿ ಎಂದು ಚಪ್ಪಲಿ ಬಿಟ್ಟು, ಒದ್ದೆ ಬಟ್ಟೆಯಿಂದ ಆ ಮೂರೇ ಮೂರು ಎಲೆ ಒರೆಸಿದೆ.

ಮಾವ ಕೋಲೂರಿಕೊಂಡು ಒಳಗೆ ಬಂದರು. ಅವರು ಬಾಯಿ ತೆರೆಯುವ ಮುಂಚೆಯೇ ನಾನು ಶುರು ಮಾಡಿದೆ: "ಮಾವ, ಅದೆಲ್ಲ ಟಚಪ್ಪು. ನೀರು ಹಾಕಿ ಹಾಕಿ ಕೊಳೆಸಿದೆ. ಇರೋದು ಇಷ್ಟೇ."

"ಗೊತ್ತು" ಎಂದರು. "ಎಲೆ ಹೊಸದು ಬರ್ತಿತ್ತು, ಗೋಡೆ ಮೇಲೆ ಅದರ ನೆರಳು ಬರ್ತಿರ್ಲಿಲ್ಲ. ಆಮೇಲೆ ನಾನೂ ನಿನ್ನ ನಾದಿನೀನೂ ಇವತ್ತೆಷ್ಟು ಎಲೆ ಅಂತ ದಿನಾ ಪಂದ್ಯ ಕಟ್ತಿದ್ವಿ. ನಕ್ಕೂ ನಕ್ಕೂ ಡಾಕ್ಟರು ಬಯ್ದ್ರು, ಹೊಲಿಗೆ ಬಿಚ್ಚುತ್ತೆ ಅಂತ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮವರು ಗೋಡೆಗೆ ತಿರುಗಿ ನಗುತ್ತಿದ್ದರು.

ಮಾವ ಫೋನ್ ತೆಗೆದು ಮುಂದೆ ಹಿಡಿದರು. ಆ ಸುಳಿಯ ಫೋಟೋ. ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳು, ಹಿಂದೆ ಮಸುಕಾಗಿ ಸೋಪಿನ ಮುಖ. "ಇದನ್ನ ನೋಡಿದ ಮೇಲೆ ಅಲ್ಲಿರೋಕಾಗ್ಲಿಲ್ಲ. ನಲವತ್ತು ವರ್ಷದಿಂದ ಈ ಗಿಡದ ಫೋಟೋ ತೆಗೀತಿದ್ದೀನಿ ತಾಯಿ, ಒಂದು ಸಲಾನೂ ಹೀಗೆ ನೋಡಿಲ್ಲ" ಎಂದರು.

ಕಪಾಟು ತೆರೆದು ಕ್ಯಾಮೆರಾ ನನ್ನ ಕೊರಳಿಗೆ ಹಾಕಿದರು. ಮೂರೆಲೆಯ ಗಿಡದ ಪಕ್ಕ, ಪ್ರಯಾಣದ ಕೆದರಿದ ತಲೆಯಲ್ಲೇ ಸ್ಟೂಲಿನ ಮೇಲೆ ಕೂತರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಟನ್ ಒತ್ತಿದೆ. ನೋಡಿದರೆ ಮಾವನೂ ಅಲುಗಿದ್ದರು, ಗಿಡವೂ ಅಲುಗಿತ್ತು.

"ಕೆಟ್ಟೋಯ್ತು ಮಾವ."

"ಕೆಡ್ಲಿ ಬಿಡು. ಇನ್ನೊಂದು ತೆಗಿ."