ಮುಟ್ಟಿದರೆ ಮಾತಾಡುವ ಹಲಗೆ

ಸೊಸೆಗೆ ಸಾಕು ಸಾಕಾಗಿತ್ತು. ಶಾಲೆಯಲ್ಲಿ ಇಡೀ ದಿನ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಗಂಟಲು ಒಣಗಿಸಿಕೊಂಡು ಬಂದರೆ, ಮನೆಯಲ್ಲಿ ಟ್ಯಾಬ್ಲೆಟ್ಟು "ನೀರು, ನೀರು, ನೀರು" ಎಂದು ಪ್ರಾಣ ತಿನ್ನುತ್ತಿತ್ತು. ಯಾರನ್ನು ದೂರುವುದು? ಅದನ್ನು ಮಾತಾಡುವ ಹಲಗೆಯಾಗಿ ಮಾಡಿಕೊಟ್ಟವಳು ಅವಳೇ. ಪಾರ್ಶ್ವವಾಯು ಬಡಿದು ಅತ್ತೆಯ ಮಾತು ನಿಂತು ಐದು ತಿಂಗಳಾಗಿತ್ತು. ಪರದೆಯ ಮೇಲೆ ಲೋಟ, ಫ್ಯಾನು, ಹಾಸಿಗೆ, "ಇಲ್ಲಿ ಬಾ" ಎಂದು ಕರೆಯುವ ಕೈ, ಮುಟ್ಟಿದರೆ ಮಾತು. ಮಕ್ಕಳಿಗೆ ಕಲಿಸುವ ಹಾಗೆಯೇ, ಒಂದೊಂದೂ ಒಂದೊಂದು ಕೆಲಸ ಮಾಡುವ ಬಣ್ಣದ ಡಬ್ಬಿಗಳನ್ನು ಪರದೆಯ ಮೇಲೆ ಗೆರೆಗಳಿಂದ ಜೋಡಿಸಿ ಮಾಡಿದ್ದಳು. ಆದರೆ ಅತ್ತೆಯ ಕೈ ನಡುಗುತ್ತಿತ್ತು. ಒಂದು ಸಲ ಮುಟ್ಟಹೋದರೆ ಆರು ಸಲ ತಗಲುತ್ತಿತ್ತು.

ಸಿದ್ಧ ಡಬ್ಬಿಗಳಲ್ಲಿ ನಡುಕವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವಂಥದ್ದು ಯಾವುದೂ ಇರಲಿಲ್ಲ. ಭಾನುವಾರ ಖಾಲಿ ಡಬ್ಬಿಯೊಂದನ್ನು ಎಳೆದುಕೊಂಡು, ಅದರ ಕೋಡ್ ಎಡಿಟರ್ ತೆರೆದು, ತೂಕಡಿಸುತ್ತಲೇ ನಾಲ್ಕು ಸಾಲು ಸ್ಕ್ರಿಪ್ಟ್ ಬರೆದಳು: ಒಮ್ಮೆ ಮಾತಾಡಿದ ಮೇಲೆ ಇಷ್ಟು ಹೊತ್ತು ಇನ್ನೊಂದು ಸ್ಪರ್ಶ ಬೇಡ. ಎಷ್ಟು ಹೊತ್ತು? ಅಭ್ಯಾಸಬಲದಿಂದ ೯೦೦ ಎಂದು ಒತ್ತಿದಳು.

"ಅಮ್ಮ ಈಗ ಎಷ್ಟು ಆರಾಮಾಗಿದ್ದಾಳೆ ನೋಡು," ಎಂದ ದರ್ಜಿ ಗಂಡ, ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ. ಅವಳಿಗೂ ಹಾಯೆನಿಸಿತು. ತಿಂಗಳುಗಳ ನಂತರ ಟೀ ಬಿಸಿಯಿರುವಾಗಲೇ ಕುಡಿದಳು.

ಬುಧವಾರ ಸಂಜೆ ಕಿಟಕಿಯ ಚಿತ್ರವೊಂದನ್ನು ಸೇರಿಸೋಣವೆಂದು ಎಡಿಟರ್ ತೆರೆದಾಗ ಕೆಳಗೆ ಸ್ಪರ್ಶಗಳ ದಾಖಲೆ ಕಂಡಿತು. ಸೋಮವಾರ "ಇಲ್ಲಿ ಬಾ" ಮುಟ್ಟಿದ್ದು ನೂರಾ ನಲವತ್ತು ಸಲ, ಮಾತಾಗಿ ಹೊರಬಂದದ್ದು ಏಳು. ಮಂಗಳವಾರ ಮುಟ್ಟಿದ್ದು ಇಪ್ಪತ್ತೆರಡು. ಬುಧವಾರ ಸೊನ್ನೆ.

ಶಾಲೆಯ ಸ್ಕ್ರಿಪ್ಟುಗಳಲ್ಲಿ ಅವಳು ಬರೆಯುವುದು ಸೆಕೆಂಡಿನ ಸಾವಿರದ ಪಾಲುಗಳಲ್ಲಿ. ಅಲ್ಲಿ ಒಂಬೈನೂರೆಂದರೆ ಒಂದು ಸೆಕೆಂಡೂ ಇಲ್ಲ. ಈ ಡಬ್ಬಿ ಎಣಿಸುವುದು ಪೂರ್ತಿ ಸೆಕೆಂಡುಗಳನ್ನು. ಹದಿನೈದು ನಿಮಿಷ! ನಡುಕವನ್ನು ಸುಮ್ಮನಾಗಿಸಹೋಗಿ ಅತ್ತೆಯ ಬಾಯನ್ನೇ ಮುಚ್ಚಿಸಿದ್ದಳು. ಅದಕ್ಕಿಂತ ನಾಚಿಕೆಯಾದದ್ದು, ಮನೆ ತಣ್ಣಗಿದೆಯೆಂದು ತಾನು ಖುಷಿಪಟ್ಟದ್ದಕ್ಕೆ.

ಅಂಕಿ ತಿದ್ದಿ ಟ್ಯಾಬ್ಲೆಟ್ಟನ್ನು ಅತ್ತೆಯ ಮಡಿಲಲ್ಲಿಟ್ಟಳು. "ತಪ್ಪು ನಂದೇ ಅತ್ತೆ. ಒಂದ್ಸಲ ಮುಟ್ಟಿ ನೋಡಿ."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮಾತಿದ್ದ ಕಾಲದಲ್ಲಿ ಅವರು ಸೊಸೆಯನ್ನು ಬೈಯದ ದಿನವಿರಲಿಲ್ಲ. ಹಲಗೆಯ ಮೇಲೆ ಬರೀ ಕೇಳಿಕೊಳ್ಳುವ ಮಾತುಗಳಿದ್ದವು, ಬೈಯುವುದಕ್ಕೆ ಒಂದೂ ಇರಲಿಲ್ಲ. ಸೊಸೆ ಹೊಸ ಡಬ್ಬಿಯೊಂದನ್ನು ಎಳೆದು ತನ್ನದೇ ಫೋಟೋ ಅಂಟಿಸಿದಳು. ಸುಸ್ತಾದ ತನ್ನ ದನಿಯಲ್ಲೇ ಅತ್ತೆಯ ಧಾಟಿ ಹಿಡಿದು ರೆಕಾರ್ಡ್ ಮಾಡಿದಳು: "ಎಲ್ಲಿ ಹಾಳಾಗಿ ಹೋಗಿದ್ದೆ? ಕಿವಿ ಕೇಳ್ಸಲ್ವಾ ನಿಂಗೆ?"

ಅತ್ತೆಯ ಮುಖ ಮೆಲ್ಲಗೆ ಇತ್ತ ತಿರುಗಿತು. ಫೋಟೋವನ್ನು ಬಹಳ ಹೊತ್ತು ನೋಡಿದರು. ನಡುಗುವ ಬೆರಳು ಬಂದು ಅದರ ಮೇಲೆ ಕೂತಿತು. ಟ್ಯಾಬ್ಲೆಟ್ಟು ಬೈಯಿತು. ಅತ್ತೆ ಉಸಿರೆಳೆದುಕೊಂಡು ಮತ್ತೊಮ್ಮೆ ಮುಟ್ಟಿದರು. ಇನ್ನೊಮ್ಮೆ.

"ಏನೇ ಅದು ಗಲಾಟೆ?" ಆಚೆಯಿಂದ ಗಂಡ ಕೂಗಿದ.

"ಸುಮ್ನಿರಿ, ಅತ್ತೆ ಮಾತಾಡ್ತಿದ್ದಾರೆ," ಎಂದು ಸೊಸೆ ಹಾಸಿಗೆಯ ಅಂಚಿನಲ್ಲಿ ಕೂತು ಬೈಸಿಕೊಂಡಳು.